ಬಿರುಕು ಮುಚ್ಚಿದ್ದು ಬ್ಯಾಕ್ಟೀರಿಯಾನಾ, ಸಿಮೆಂಟೇನಾ? ಲ್ಯಾಬಲ್ಲಿ ಬ್ಯಾಕ್ಟೀರಿಯಾ ಕಾಂಕ್ರೀಟ್ ಮಾಡಿ ನೋಡೋ ವಿಧಾನ

ಫೈನಲ್ ಇಯರ್ ಸಿವಿಲ್ ಹುಡುಗ್ರು ಪ್ರಾಜೆಕ್ಟಿಗೆ ಬ್ಯಾಕ್ಟೀರಿಯಾ ಕಾಂಕ್ರೀಟ್, ಅಂದ್ರೆ ಒಳಗಿರೋ ಬ್ಯಾಕ್ಟೀರಿಯಾ ಬಿರುಕು ಮುಚ್ಚೋ ಕಾಂಕ್ರೀಟ್, ತಗೊಳ್ಳೋದು ಈಗ ಕಾಮನ್ ಆಗ್ಬಿಟ್ಟಿದೆ, ಒಳ್ಳೇದೇ. ಆದ್ರೆ ನನ್ನ ಕೈಗೆ ಬಂದಿರೋ ರಿಪೋರ್ಟುಗಳಲ್ಲಿ ಹೆಚ್ಚಿನವು ಒಂದೇ ಥರ ಇರ್ತವೆ. ಎಲ್ಲಿಂದಲೋ ಕಲ್ಚರ್ (ಲ್ಯಾಬಲ್ಲಿ ಬೆಳೆಸಿದ ಬ್ಯಾಕ್ಟೀರಿಯಾ) ತಂದ್ರು, ಕಲಸೋ ನೀರಿಗೆ ಸುರಿದ್ರು, ಕ್ಯೂಬ್ ಹಾಕಿದ್ರು, 7 ದಿನದ್ದು 28 ದಿನದ್ದು ಸ್ಟ್ರೆಂತ್ ತೆಗೆದ್ರು, ಮಾಮೂಲಿ ಕಾಂಕ್ರೀಟಿಗಿಂತ ಸ್ವಲ್ಪ ಜಾಸ್ತಿ ಬಂತು, ಮುಗೀತು. ತಾನೇ ವಾಸಿಯಾಗೋ ಕಾಂಕ್ರೀಟ್ ಅಂತ ಟೈಟಲ್ ಇರುತ್ತೆ, ಒಳಗೆ ಒಂದು ಬಿರುಕಿನ ಫೋಟೋನೂ ಇರಲ್ಲ. ಫೋಟೋ ಇದ್ರೂ ಅದರಲ್ಲಿ ಬಿಳೀ ಗೆರೆ ಕಾಣುತ್ತೆ, ಆ ಬಿಳೀ ಗೆರೆ ಬ್ಯಾಕ್ಟೀರಿಯಾ ಮಾಡಿದ್ದು ಅಂತ ಹೇಳೋಕೆ ಯಾವ ಆಧಾರನೂ ಇರಲ್ಲ. ಯಾಕಂದ್ರೆ ಸಾದಾ ಸಿಮೆಂಟ್ ಕೂಡ ಸಣ್ಣ ಬಿರುಕನ್ನ ತಾನೇ ಮುಚ್ಕೊಳ್ಳುತ್ತೆ. ಅದಕ್ಕೇ ಈ ಲೇಖನ. ಮಾಡೋದು ಹೇಗೆ ಅನ್ನೋದರ ಜೊತೆಗೆ, ಮುಚ್ಚಿದ್ದು ಯಾರು ಅಂತ ತೋರಿಸೋದು ಹೇಗೆ ಅನ್ನೋದನ್ನೂ ಹೇಳ್ತೀನಿ. ನನಗೆ ಎರಡನೇದೇ ಮುಖ್ಯ.

ಮೊದಲು ಒಳಗೆ ಏನು ನಡೆಯುತ್ತೆ ಅಂತ ತಿಳ್ಕೊಳ್ಳೋಣ

ಕಾಂಕ್ರೀಟ್ ಒಳಗೆ ಹಾಕಿದ ಸಿಮೆಂಟೆಲ್ಲಾ ನೀರಿನ ಜೊತೆ ಸೇರಿ ಮುಗಿದಿರಲ್ಲ, ಒಂದಷ್ಟು ಕಣ ಒಣಗೇ ಉಳಿದಿರುತ್ತೆ. ಬಿರುಕು ಬಿಟ್ಟಾಗ ನೀರು ಒಳಗೆ ಹೋದ್ರೆ ಆ ಕಣಗಳು ಮತ್ತೆ ಕೆಲಸ ಶುರು ಮಾಡ್ತವೆ, ಜೊತೆಗೆ ಸಿಮೆಂಟಲ್ಲಿರೋ ಸುಣ್ಣ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹಿಡ್ಕೊಂಡು ಸುಣ್ಣದಕಲ್ಲಾಗಿ ಬಿರುಕಿನ ಬಾಯಿಗೆ ಕೂರುತ್ತೆ. ನಮ್ಮ ಹಳೇ ಮನೆಗಳ ಗಾರೆ ಗೋಡೆಯಲ್ಲಿ ಕೂದಲೆಳೆ ಬಿರುಕು ಎರಡು ಮಳೆಗಾಲ ಕಳೆಯೋದ್ರೊಳಗೆ ಕೂಡ್ಕೊಂಡಿರೋದನ್ನ ನೋಡಿದವ್ರಿಗೆ ಇದು ಹೊಸ ವಿಷಯ ಅಲ್ಲ, ಅಲ್ಲೂ ಸುಣ್ಣ ಕರಗಿ ಬಂದು ಮತ್ತೆ ಗಟ್ಟಿಯಾಗೋದೇ ನಡೆಯೋದು. ಆದ್ರೆ ಸಿಮೆಂಟಿನ ಈ ಸ್ವಂತ ಶಕ್ತಿ ಹೆಚ್ಚುಕಮ್ಮಿ 0.1ರಿಂದ 0.2 ಮಿಮೀ ಅಗಲದ ಬಿರುಕಿಗೇ ಸುಸ್ತಾಗುತ್ತೆ.

ಬ್ಯಾಕ್ಟೀರಿಯಾ ಬರೋದು ಇಲ್ಲಿ. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೆಂಕ್ ಯೋಂಕರ್ಸ್ ಅನ್ನೋ ಸೂಕ್ಷ್ಮಜೀವಿ ವಿಜ್ಞಾನಿ 2006ರಲ್ಲಿ ಈ ಕೆಲಸ ಕೈಗೆತ್ತಿಕೊಂಡ್ರು. ಬ್ಯಾಸಿಲಸ್ ಜಾತಿಯ, ಕ್ಷಾರ ತಡ್ಕೊಳ್ಳೋ ಬ್ಯಾಕ್ಟೀರಿಯಾದ ಸ್ಪೋರ್‌ಗಳನ್ನ, ಅಂದ್ರೆ ಗಟ್ಟಿ ಕವಚದೊಳಗೆ ನಿದ್ದೆ ಮಾಡೋ ಬೀಜಾಣುಗಳನ್ನ, ಕ್ಯಾಲ್ಸಿಯಂ ಲ್ಯಾಕ್ಟೇಟ್ ಅನ್ನೋ ಆಹಾರದ ಜೊತೆ ಕಾಂಕ್ರೀಟೊಳಗೆ ಇಟ್ರೆ, ಬಿರುಕಿಂದ ನೀರೂ ಗಾಳಿಯೂ ಬಂದಾಗ ಅವು ಎದ್ದು ಲ್ಯಾಕ್ಟೇಟ್ ತಿಂದು ಸುಣ್ಣದಕಲ್ಲು ಬಿಡ್ತವೆ. ಲೆಕ್ಕ ನೋಡಿ: ಒಂದು ಅಣು ಕ್ಯಾಲ್ಸಿಯಂ ಲ್ಯಾಕ್ಟೇಟ್ ತಿಂದ್ರೆ ನೇರವಾಗಿ ಒಂದು ಅಣು ಸುಣ್ಣದಕಲ್ಲು ಬರುತ್ತೆ, ಜೊತೆಗೆ ಐದು ಅಣು ಕಾರ್ಬನ್ ಡೈಆಕ್ಸೈಡ್. ಆ ಐದೂ ಪಕ್ಕದಲ್ಲೇ ಇರೋ ಸಿಮೆಂಟಿನ ಸುಣ್ಣದ ಜೊತೆ ಸೇರಿ ಇನ್ನೂ ಐದು ಅಣು ಸುಣ್ಣದಕಲ್ಲಾಗ್ತವೆ. ಒಂದಕ್ಕೆ ಆರು. ಇನ್ನೊಂದು ಲಾಭನೂ ಇದೆ, ಬ್ಯಾಕ್ಟೀರಿಯಾ ಆಮ್ಲಜನಕ ಬಳಸ್ಕೊಳ್ಳೋದ್ರಿಂದ ಒಳಗಿನ ಕಂಬಿಗೆ ತುಕ್ಕು ಹಿಡಿಸೋಕೆ ಬೇಕಾದ ಆಮ್ಲಜನಕ ಕಮ್ಮಿಯಾಗುತ್ತೆ. ಡೆಲ್ಫ್ಟ್ ತಂಡ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 100 ದಿನ ನೀರಲ್ಲಿಟ್ಟಾಗ ಬ್ಯಾಕ್ಟೀರಿಯಾ ಇರೋ ಮಾದರಿ 0.46 ಮಿಮೀವರೆಗಿನ ಬಿರುಕು ಮುಚ್ಚಿತ್ತು, ಬ್ಯಾಕ್ಟೀರಿಯಾ ಇಲ್ಲದ್ದು 0.18 ಮಿಮೀವರೆಗೆ. ಈ 0.18 ಸೊನ್ನೆ ಅಲ್ಲ ಅನ್ನೋದನ್ನ ಗಮನಿಸಿ. ಹೋಲಿಸೋಕೆ ಬ್ಯಾಕ್ಟೀರಿಯಾ ಇಲ್ಲದ ಆ ಮಾದರಿ, ಅಂದ್ರೆ ಕಂಟ್ರೋಲ್, ಇಲ್ಲದೇ ಹೋಗಿದ್ರೆ ಆ ಪಾಲೂ ಬ್ಯಾಕ್ಟೀರಿಯಾದ ಹೆಸರಿಗೇ ಹೋಗ್ತಿತ್ತು.

ಕಾಂಕ್ರೀಟಿಗೆ ಇರೋ ನಮ್ಮ ದೇಶದ ನಿಯಮಾವಳಿ ಐಎಸ್ 456 ಪ್ರಕಾರ ಸಾಮಾನ್ಯ ಜಾಗದಲ್ಲಿ 0.3 ಮಿಮೀ, ಯಾವಾಗ್ಲೂ ತೇವ ಅಥವಾ ಮಣ್ಣು ತಾಗೋ ಕಡೆ 0.2 ಮಿಮೀ, ತೀರಾ ಕಠಿಣ ವಾತಾವರಣದಲ್ಲಿ 0.1 ಮಿಮೀವರೆಗೆ ಬಿರುಕಿನ ಅಗಲ ಒಪ್ಪಬಹುದು. ಅಂದ್ರೆ ಈ ಪ್ರಯೋಗದಲ್ಲಿ ನಮಗೆ ಬೇಕಾಗಿರೋ ವ್ಯಾಪ್ತಿ 0.2ರಿಂದ 0.4 ಮಿಮೀ. ಅದಕ್ಕಿಂತ ಸಣ್ಣದಾದ್ರೆ ಸಿಮೆಂಟೇ ಮುಚ್ಚುತ್ತೆ, ನಿಮಗೆ ಏನೂ ಗೊತ್ತಾಗಲ್ಲ.

ಒಂದನೇ ಹೆಜ್ಜೆ: ಯಾವ ಬ್ಯಾಕ್ಟೀರಿಯಾ, ಎಲ್ಲಿಂದ ತರೋದು

ಎರಡು ದಾರಿ ಇದೆ. ಒಂದು ಯೂರಿಯಾ ದಾರಿ, ಸ್ಪೋರೋಸಾರ್ಸಿನಾ ಪ್ಯಾಸ್ಟರಿ ಅನ್ನೋ ಬ್ಯಾಕ್ಟೀರಿಯಾ ಯೂರಿಯಾ ಒಡೆದು ಕಾರ್ಬೊನೇಟ್ ಮಾಡುತ್ತೆ, ತುಂಬಾ ಫಾಸ್ಟು, ಆದ್ರೆ ಜೊತೆಗೆ ಅಮೋನಿಯಾ ಬಿಡುತ್ತೆ. ಹಳೇ ಬಿರುಕಿಗೆ ಹೊರಗಿಂದ ರಿಪೇರಿ ಮಾಡೋಕೆ ಇದು ಸರಿ, ಕೊನೇಲಿ ಹೇಳ್ತೀನಿ. ಇನ್ನೊಂದು ಲ್ಯಾಕ್ಟೇಟ್ ದಾರಿ, ಕಾಂಕ್ರೀಟೊಳಗೇ ಹಾಕೋಕೆ ಇದೇ ಬೇಕು. ಇದಕ್ಕೆ ಬ್ಯಾಸಿಲಸ್ ಕೊಹ್ನಿ ಒಳ್ಳೇದು, ಕ್ಷಾರ ಇಷ್ಟಪಡೋ ಜೀವಿ. ಬ್ಯಾಸಿಲಸ್ ಸಬ್‌ಟಿಲಿಸ್ ಎಲ್ಲ ಕಡೆ ಸಿಗುತ್ತೆ ಅಂತ ತುಂಬಾ ಜನ ಅದನ್ನೇ ಬಳಸ್ತಾರೆ, ಅದರ ಸ್ಪೋರ್ ಬದುಕುಳಿಯುತ್ತೆ ನಿಜ, ಆದ್ರೆ ಕಾಂಕ್ರೀಟಿನ ಪಿಎಚ್ 12.5ರ ಮೇಲಿರುತ್ತೆ, ಬಿರುಕಿನ ಜಾಗದಲ್ಲಿ ನೀರು ಗಾಳಿ ಓಡಾಡಿ ಪಿಎಚ್ ಚೆನ್ನಾಗಿ ಇಳಿಯೋ ತನಕ ಆ ಸ್ಪೋರ್ ಏಳೋದು ಕಷ್ಟ.

ಕಲ್ಚರನ್ನ ಚಂಡೀಗಢದ ಎಂಟಿಸಿಸಿ ಅಥವಾ ಪುಣೆಯ ಎನ್‌ಸಿಐಎಂ ಅನ್ನೋ ಸೂಕ್ಷ್ಮಜೀವಿ ಸಂಗ್ರಹದಿಂದ ಕಾಲೇಜಿನ ಲೆಟರ್‌ಹೆಡ್ಡಲ್ಲಿ ಬರೆದು ತರಿಸಿ. ತಿಪ್ಪೆ ಮಣ್ಣಿಂದ ನಾವೇ ಬೆಳೆಸ್ತೀವಿ ಅಂತ ದಯವಿಟ್ಟು ಹೋಗ್ಬೇಡಿ, ಅದೇ ಬ್ಯಾಸಿಲಸ್ ಕುಟುಂಬದಲ್ಲಿ ರೋಗ ತರೋವೂ ಇವೆ, ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಮತ್ತೆ ಇದು ಸಿವಿಲ್ ಡಿಪಾರ್ಟ್‌ಮೆಂಟ್ ಒಂದೇ ಮಾಡೋ ಕೆಲಸ ಅಲ್ಲ. ಪಕ್ಕದ ಬಯೋಟೆಕ್ನಾಲಜಿ ಅಥವಾ ಮೈಕ್ರೋಬಯಾಲಜಿ ಮೇಷ್ಟ್ರ ಹತ್ರ ಮೊದಲೇ ಹೋಗಿ ಮಾತಾಡಿ, ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಹರಿಯೋ ಪೆಟ್ಟಿಗೆ), ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿ ಸಾಯಿಸೋ ಪಾತ್ರೆ), ಶೇಕರ್ (ಫ್ಲಾಸ್ಕ್ ಅಲ್ಲಾಡಿಸೋ ಯಂತ್ರ) ಅವ್ರ ಹತ್ರಾನೇ ಇರೋದು. ಮನೇಲಿ, ಹಾಸ್ಟೆಲಲ್ಲಿ ಮಾಡೋ ಕೆಲಸ ಇದಲ್ಲ.

ಎರಡನೇ ಹೆಜ್ಜೆ: ಬೆಳೆಸೋದು, ಸ್ಪೋರ್ ಮಾಡೋದು

ಕಲ್ಚರ್ ಗಾಜಿನ ಆಂಪೂಲಲ್ಲಿ ಒಣ ಪುಡಿಯಾಗಿ ಬರುತ್ತೆ. ಮೇಲೆ 70 ಪರ್ಸೆಂಟ್ ಆಲ್ಕೋಹಾಲಲ್ಲಿ ಒರೆಸಿ, ಲ್ಯಾಮಿನಾರ್ ಒಳಗೆ ಒಡೆದು, ಅರ್ಧ ಮಿಲಿ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸೋ ಆಹಾರದ ದ್ರಾವಣ) ಹಾಕಿ ಕದಡಿ, ಪ್ಲೇಟಲ್ಲಿ ಗೆರೆ ಎಳೆದು 30 ಡಿಗ್ರಿಯಲ್ಲಿ ಒಂದೆರಡು ದಿನ ಬಿಡಿ. ಒಂದೇ ಥರದ ಕಾಲನಿ, ಅಂದ್ರೆ ಬ್ಯಾಕ್ಟೀರಿಯಾ ಬೆಳೆದ ಚುಕ್ಕಿ, ಬಂದ್ರೆ ಮಾತ್ರ ಮುಂದಕ್ಕೆ ಹೋಗಿ. ನ್ಯೂಟ್ರಿಯೆಂಟ್ ಬ್ರಾತ್ ಪುಡಿ ಲೀಟರಿಗೆ 13 ಗ್ರಾಂ ಹಾಕಿ 121 ಡಿಗ್ರಿಯಲ್ಲಿ 15 ನಿಮಿಷ ಆಟೋಕ್ಲೇವ್ ಮಾಡೋದು ಎಲ್ರಿಗೂ ಗೊತ್ತು, ಕೊಹ್ನಿಗೆ ಮಾತ್ರ ಕಾರ್ಬೊನೇಟ್ ಬಫರ್ ಸೇರಿಸಿ ಪಿಎಚ್ 9.5ರ ಹತ್ತಿರ ಇಡ್ಬೇಕು, ಆ ಬಫರನ್ನ ಬೇರೆ ಬಾಟಲಲ್ಲಿ ಸ್ಟೆರಿಲೈಸ್ ಮಾಡಿ ತಣ್ಣಗಾದ್ಮೇಲೆ ಸೇರಿಸಿ. ಫ್ಲಾಸ್ಕಿನ ಐದರಲ್ಲೊಂದು ಭಾಗಕ್ಕಿಂತ ಜಾಸ್ತಿ ತುಂಬಿಸ್ಬೇಡಿ, ಗಾಳಿ ಬೇಕು ಅದಕ್ಕೆ.

ಸ್ಪೋರ್ ಬೇಕು ಅಂದ್ರೆ ಹಸಿವು ಹುಟ್ಟಿಸ್ಬೇಕು. ಮ್ಯಾಂಗನೀಸ್ ಸಲ್ಫೇಟ್ ಚೂರು, ಲೀಟರಿಗೆ 10 ಮಿಲಿಗ್ರಾಂ ಸಾಕು, ಹಾಕಿ ಐದಾರು ದಿನ ಶೇಕರಲ್ಲೇ ಬಿಟ್ರೆ ಆಹಾರ ಮುಗಿದು ಬ್ಯಾಕ್ಟೀರಿಯಾದ ಜೀವಕಣಗಳು ಸ್ಪೋರ್ ಆಗ್ತವೆ. ಆಗಿದೆಯಾ ಅಂತ ನೋಡೋಕೆ ಮಾಲಕೈಟ್ ಗ್ರೀನ್ ಬಣ್ಣ ಹಾಕಿ, ಮೇಲೆ ಸಾಫ್ರನಿನ್ ಹಾಕಿ ಮೈಕ್ರೋಸ್ಕೋಪಲ್ಲಿ ನೋಡಿ. ಸ್ಪೋರ್ ಹಸಿರು ಚುಕ್ಕಿ, ಸಾದಾ ಕಣ ಗುಲಾಬಿ ಕಡ್ಡಿ. ಈ ಸ್ಲೈಡನ್ನ ಮೊದಲ ಸಲ ನೋಡೋವಾಗ ಸಿವಿಲ್ ಹುಡುಗ್ರು ಒಬ್ಬರಾದ್ಮೇಲೆ ಒಬ್ಬರು ಬಗ್ಗಿ ನೋಡ್ತಾ ನಿಂತ್ಬಿಡ್ತಾರೆ, ನನಗೆ ಪ್ರತಿ ಸಲ ಖುಷಿ ಕೊಡೋ ಗಳಿಗೆ ಅದು. ಆಮೇಲೆ 80 ಡಿಗ್ರಿ ನೀರಲ್ಲಿ 15 ನಿಮಿಷ ಇಟ್ರೆ ಸಾದಾ ಕಣಗಳೆಲ್ಲ ಸತ್ತು ಸ್ಪೋರ್ ಮಾತ್ರ ಉಳಿಯುತ್ತೆ. ಸೆಂಟ್ರಿಫ್ಯೂಜ್ ಮಾಡಿ ಸ್ಟೆರೈಲ್ ನೀರಲ್ಲಿ ಎರಡು ಮೂರು ಸಲ ತೊಳೀರಿ.

ತೊಳೆಯೋದು ಯಾಕೆ ಅಂತ ಅನುಭವದಿಂದ ಹೇಳ್ತೀನಿ. ಒಂದು ಬ್ಯಾಚಲ್ಲಿ ಬ್ರಾತ್ ಸಮೇತ ಕಲಸೋ ನೀರಿಗೆ ಹಾಕಿದ್ವಿ. ಮಾರನೇ ದಿನ ಮೌಲ್ಡ್ ಬಿಚ್ಚಿದ್ರೆ ಗಾರೆ ಇನ್ನೂ ಹಸಿ, ಹೆಬ್ಬೆರಳು ಒತ್ತಿದ್ರೆ ಅಚ್ಚು ಮೂಡ್ತಿತ್ತು, ಮೂಲೆಗಳು ಕೈಗೇ ಬಂದ್ವು. ಯೀಸ್ಟ್ ಎಕ್ಸ್‌ಟ್ರಾಕ್ಟ್, ಪೆಪ್ಟೋನ್, ಸಕ್ಕರೆ ಅಂಥವು ಸಿಮೆಂಟ್ ಗಟ್ಟಿಯಾಗೋದನ್ನ ತಡೀತವೆ. ಕ್ಯಾಲ್ಸಿಯಂ ಲ್ಯಾಕ್ಟೇಟ್ ಈ ವಿಷಯದಲ್ಲಿ ಸಾಧು, ಅದಕ್ಕೇ ಅದನ್ನ ಆರಿಸಿರೋದು.

ಎಣಿಕೆ ಮರೀಬೇಡಿ. ಹತ್ತು ಹತ್ತು ಪಟ್ಟು ತೆಳು ಮಾಡ್ತಾ ಹೋಗಿ, 30ರಿಂದ 300 ಕಾಲನಿ ಬಂದಿರೋ ಪ್ಲೇಟ್ ಹಿಡಿದು ಲೆಕ್ಕ ಹಾಕಿ. ಮಿಲಿಗೆ 10 ಕೋಟಿ ಸ್ಪೋರ್ ಇದ್ರೆ ಕೆಲಸಕ್ಕೆ ಸಾಕು. ನೀರು ಮಬ್ಬಾಗಿದೆ ಅಂದ ಮಾತ್ರಕ್ಕೆ ಎಷ್ಟು ಜೀವ ಇದೆ ಅಂತ ಹೇಳೋಕಾಗಲ್ಲ, ಸತ್ತ ಕಣಾನೂ ಮಬ್ಬು ಮಾಡುತ್ತೆ.

ಈಗ ಒಂದು ಮುಖ್ಯ ಕೆಲಸ. ಈ ಸ್ಪೋರ್ ದ್ರಾವಣದ ಅರ್ಧ ಭಾಗ ತೆಗೆದು ಆಟೋಕ್ಲೇವಿಗೆ ಹಾಕಿ ಪೂರ್ತಿ ಸಾಯಿಸಿ, ಪ್ಲೇಟಲ್ಲಿ ಹಾಕಿ ಏನೂ ಬೆಳೀತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಬೇರೆ ಬಾಟಲಲ್ಲಿ ಲೇಬಲ್ ಹಾಕಿಡಿ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮೂರನೇ ಹೆಜ್ಜೆ: ಸ್ಪೋರಿಗೆ ಮನೆ

ಸ್ಪೋರನ್ನ ನೇರ ಕಾಂಕ್ರೀಟಿಗೆ ಹಾಕಿದ್ರೆ ಏನಾಗುತ್ತೆ ಅನ್ನೋದು ಯೋಂಕರ್ಸ್ ತಂಡಕ್ಕೆ ಮೊದಲೇ ಗೊತ್ತಾಯ್ತು. ಸ್ಪೋರ್ ಸುಮಾರು 1 ಮೈಕ್ರಾನ್ ಗಾತ್ರ, ಸಿಮೆಂಟ್ ಗಟ್ಟಿಯಾಗ್ತಾ ಆಗ್ತಾ ಒಳಗಿನ ರಂಧ್ರಗಳು ಅದಕ್ಕಿಂತ ಸಣ್ಣದಾಗ್ತವೆ, ಸ್ಪೋರ್ ಜಜ್ಜಿ ಹೋಗುತ್ತೆ. ಹೆಚ್ಚಂದ್ರೆ ನಾಲ್ಕು ತಿಂಗಳು. ಕಟ್ಟಡ ನಿಲ್ಲೋದು 50 ವರ್ಷ. ಅದಕ್ಕೇ ಸುಟ್ಟ ಜೇಡಿಯ ಹಗುರ ಉಂಡೆಗಳ ಒಳಗೆ ಇಡೋದು. ಬೆಂಗಳೂರಲ್ಲಿ ನರ್ಸರಿಗಳಲ್ಲಿ ಕುಂಡಕ್ಕೆ ಹಾಕೋಕೆ ಕ್ಲೇ ಬಾಲ್ಸ್ ಅಂತ ಮಾರ್ತಾರಲ್ಲ, ಅದೇ. ರಬ್ಬರ್ ಸುತ್ತಿಗೆಯಲ್ಲಿ ಮೆತ್ತಗೆ ಒಡೆದು, 4.75 ಮಿಮೀ ಜರಡಿಯಲ್ಲಿ ಇಳಿದು 1.18 ಮಿಮೀ ಜರಡಿ ಮೇಲೆ ನಿಲ್ಲೋ ಚೂರನ್ನ ಮಾತ್ರ ಇಟ್ಕೊಳ್ಳಿ, ಧೂಳು ತೊಳೆದು ಓವನಲ್ಲಿ ಒಣಗಿಸಿ ತೂಗಿ.

ಉಗುರುಬೆಚ್ಚಗಿನ ನೀರಲ್ಲಿ ಲೀಟರಿಗೆ 80 ಗ್ರಾಂ ಕ್ಯಾಲ್ಸಿಯಂ ಲ್ಯಾಕ್ಟೇಟ್, 1 ಗ್ರಾಂ ಯೀಸ್ಟ್ ಎಕ್ಸ್‌ಟ್ರಾಕ್ಟ್ ಕರಗಿಸಿ, ತಣ್ಣೀರಲ್ಲಿ ಇದು ಪೂರ್ತಿ ಕರಗಲ್ಲ. ಜೇಡಿ ಚೂರನ್ನ ಅದರಲ್ಲಿ ಮುಳುಗಿಸಿ ವ್ಯಾಕ್ಯೂಮ್ ಡೆಸಿಕೇಟರಲ್ಲಿಡಿ. ಪಂಪ್ ಹಾಕಿದ ಕೂಡ್ಲೇ ಚೂರುಗಳಿಂದ ಸಣ್ಣ ಸಣ್ಣ ಗುಳ್ಳೆ ಸಾಲಾಗಿ ಏಳುತ್ತೆ, ಗುಳ್ಳೆ ನಿಲ್ಲೋ ತನಕ ಕಾಯಿರಿ, ಆಮೇಲೆ ನಿಧಾನಕ್ಕೆ ಗಾಳಿ ಬಿಟ್ರೆ ದ್ರಾವಣ ಒಳಗೆ ಎಳ್ಕೊಳ್ಳುತ್ತೆ. ಸೋಸಿ 37 ಡಿಗ್ರಿಯಲ್ಲಿ ತೂಕ ಬದಲಾಗದ ತನಕ ಒಣಗಿಸಿ, ನಾಲ್ಕೈದು ದಿನ ಹಿಡಿಯುತ್ತೆ, ಅವಸರಕ್ಕೆ ಬಿದ್ದು ಶಾಖ ಏರಿಸ್ಬೇಡಿ. ಇದನ್ನೇ ಇನ್ನೊಂದು ಸಲ ಮಾಡಿ. ಮೂರನೇ ಸಲ ಸ್ಪೋರ್ ದ್ರಾವಣದಲ್ಲಿ ನೆನೆಸಿ ಒಣಗಿಸಿ. ಪ್ರತಿ ಸಲದ ತೂಕ ಬರೆದಿಟ್ರೆ ಒಳಗೆ ಎಷ್ಟು ಲ್ಯಾಕ್ಟೇಟ್ ಹೋಗಿದೆ ಅಂತ ಲೆಕ್ಕ ಸಿಗುತ್ತೆ.

ನಾಲ್ಕನೇ ಹೆಜ್ಜೆ: ನಾಲ್ಕು ಗುಂಪು, ಕಮ್ಮಿ ಮಾಡ್ಬೇಡಿ

ಇದು ಇಡೀ ಪ್ರಾಜೆಕ್ಟಿನ ಜೀವ. ಎ ಗುಂಪು ಸಾದಾ ಸಿಮೆಂಟ್ ಗಾರೆ. ಬಿ ಗುಂಪಲ್ಲಿ ಬರೀ ಜೇಡಿ ಚೂರು, ಏನೂ ತುಂಬಿಸದೇ ಇರೋದು. ಸಿ ಗುಂಪಲ್ಲಿ ಜೇಡಿ, ಲ್ಯಾಕ್ಟೇಟ್, ಮತ್ತೆ ನೀವು ಆಟೋಕ್ಲೇವಲ್ಲಿ ಸಾಯಿಸಿಟ್ಟ ಸ್ಪೋರ್. ಡಿ ಗುಂಪಲ್ಲಿ ಅದೇ ಎಲ್ಲ, ಆದ್ರೆ ಜೀವಂತ ಸ್ಪೋರ್. ಸಿ ಮತ್ತೆ ಡಿ ನಡುವೆ ಇರೋ ವ್ಯತ್ಯಾಸ ಒಂದೇ ಒಂದು, ಜೀವ. ಡಿ ಮುಚ್ಚಿ ಸಿ ಮುಚ್ಚದೇ ಹೋದ್ರೆ ಮಾತ್ರ ಬ್ಯಾಕ್ಟೀರಿಯಾ ಮುಚ್ಚಿತು ಅಂತ ಹೇಳೋ ಹಕ್ಕು ಬರುತ್ತೆ. ಎ ಜೊತೆ ಮಾತ್ರ ಹೋಲಿಸಿದ್ರೆ ಜೇಡಿ ಚೂರಲ್ಲಿ ನಿಂತ ನೀರು ಒಳಗಿಂದ ಕ್ಯೂರಿಂಗ್ ಮಾಡಿದ್ದೂ, ಲ್ಯಾಕ್ಟೇಟಿನ ಕ್ಯಾಲ್ಸಿಯಂ ತಾನೇ ಕೂತಿದ್ದೂ ಎಲ್ಲಾ ಬ್ಯಾಕ್ಟೀರಿಯಾ ಖಾತೆಗೆ ಬಿದ್ದು ಹೋಗುತ್ತೆ.

ಪ್ರತಿ ಗುಂಪಿಗೆ 40×40×160 ಮಿಮೀ ಅಚ್ಚಿನ ಆರು ಗಾರೆ ದಿಮ್ಮಿಗಳು, ಜೊತೆಗೆ 100 ಮಿಮೀ ಅಡ್ಡಳತೆ 50 ಮಿಮೀ ದಪ್ಪದ ಆರು ಬಿಲ್ಲೆಗಳು ಹಾಕಿ. ಮೂರು ದಿಮ್ಮಿಗೆ ಸಿಮೆಂಟ್ 450 ಗ್ರಾಂ, ಮರಳು 1350 ಗ್ರಾಂ, ನೀರು 225 ಮಿಲಿ. ಎಲ್ಲ ಗುಂಪಿಗೂ ಒಂದೇ ಚೀಲದ ಸಿಮೆಂಟ್, ಸಾಧ್ಯ ಆದ್ರೆ ಹಾರುಬೂದಿ ಬೆರೆಸಿರೋ ಪಿಪಿಸಿ ಬೇಡ, ಬೆರೆಸದ ಓಪಿಸಿ ತಗೊಳ್ಳಿ, ಹಾರುಬೂದಿ ಇದ್ರೆ ಅದೂ ನಿಧಾನಕ್ಕೆ ಪ್ರತಿಕ್ರಿಯೆ ಮಾಡ್ತಾ ಲೆಕ್ಕ ಗೋಜಲು ಮಾಡುತ್ತೆ. ಮರಳಿನ ಐದರಲ್ಲೊಂದು ಭಾಗ ತೆಗೆದು ಜೇಡಿ ಚೂರು ಹಾಕೋವಾಗ ಅಳತೆ ಪಾತ್ರೆಯಲ್ಲಿ ಅಳೆದು ಹಾಕಿ, ತೂಕದಲ್ಲಿ ಅಲ್ಲ. ಜೇಡಿ ಹಗುರ, ತೂಕಕ್ಕೆ ತೂಕ ಹಾಕಿದ್ರೆ ಅಚ್ಚು ತುಂಬಾ ಬರೀ ಜೇಡಿನೇ ಇರುತ್ತೆ. ಬಿ ಗುಂಪಿನ ಖಾಲಿ ಜೇಡಿ ನೀರು ಜಾಸ್ತಿ ಕುಡಿಯುತ್ತೆ, ಹಾಗಾಗಿ ಮೂರೂ ಥರದ ಜೇಡಿ ಎಷ್ಟು ನೀರು ಕುಡಿಯುತ್ತೆ ಅಂತ ಮೊದಲೇ ನೋಡಿ ಅಷ್ಟು ನೀರು ಬೇರೆಯಾಗಿ ಸೇರಿಸಿ. ದಿಮ್ಮಿಗಳ ಒಳಗೆ ಉದ್ದಕ್ಕೆ ಎರಡು ಜಿಐ ತಂತಿ ಇಡಿ, ಇಲ್ಲಾಂದ್ರೆ ಬಿರುಕು ಬಿಡಿಸೋಕೆ ಹೋದಾಗ ಎರಡು ತುಂಡಾಗುತ್ತೆ.

ಸ್ಟ್ರೆಂತ್ ಕಮ್ಮಿ ಬಂದ್ರೆ ಗಾಬರಿ ಬೇಡ, ಮುಚ್ಚಿಡೋದೂ ಬೇಡ. ಡೆಲ್ಫ್ಟಲ್ಲೇ ಜಲ್ಲಿ ಮರಳಿನ ಅರ್ಧ ಭಾಗ ಜೇಡಿ ಹಾಕಿದಾಗ 28 ದಿನದ ಸ್ಟ್ರೆಂತ್ ಅರ್ಧಕ್ಕೆ ಇಳಿದಿತ್ತು. ಈ ವಿಧಾನದ ದೊಡ್ಡ ತೊಂದರೆನೇ ಅದು, ರಿಪೋರ್ಟಲ್ಲಿ ಇರಲೇಬೇಕು.

ಕ್ಯೂರಿಂಗಿಗೆ ನಾಲ್ಕು ಗುಂಪಿಗೂ ನಾಲ್ಕು ಬೇರೆ ಬಕೆಟ್. ಎಲ್ಲಾ ಒಂದೇ ತೊಟ್ಟಿಗೆ ಹಾಕಿ ನಾವು ಒಂದು ಸೆಮಿಸ್ಟರ್ ಪೂರ್ತಿ ಕಳ್ಕೊಂಡಿದ್ದೀವಿ, ಡಿ ಗುಂಪಿಂದ ಬ್ಯಾಕ್ಟೀರಿಯಾ, ಲ್ಯಾಕ್ಟೇಟ್ ಎರಡೂ ನೀರಿಗೆ ಇಳಿದು ಎಲ್ಲ ಗುಂಪಲ್ಲೂ ಬಿಳೀ ಪದರ ಬಂತು, ಯಾವುದರಿಂದ ಏನು ಅಂತ ಹೇಳೋ ಹಾಗೇ ಇರಲಿಲ್ಲ.

ಐದನೇ ಹೆಜ್ಜೆ: ಬಿರುಕು ಬಿಡಿಸೋದು

28 ದಿನ ಆದ್ಮೇಲೆ ದಿಮ್ಮಿಯನ್ನ ಮೂರು ಪಾಯಿಂಟ್ ಬೆಂಡಿಂಗಲ್ಲಿ, ಅಂದ್ರೆ ಎರಡು ತುದಿಗೆ ಆಧಾರ ಕೊಟ್ಟು ನಡುವೆ, ನಿಧಾನಕ್ಕೆ ಒತ್ತಿ, ಬಿರುಕು ಕಂಡ ಕೂಡ್ಲೇ ಲೋಡ್ ಇಳಿಸಿ. ಬಿರುಕಿನ ಪಕ್ಕ 5 ಮಿಮೀಗೊಂದು ಪೆನ್ಸಿಲ್ ಗುರುತು ಹಾಕಿ, ಪ್ರತಿ ಗುರುತಲ್ಲೂ ಕ್ರ್ಯಾಕ್ ಮೈಕ್ರೋಸ್ಕೋಪಲ್ಲಿ ಅಗಲ ನೋಡಿ ಬರೀರಿ. ಒಂದೇ ಬಿರುಕು ಕೆಳಗೆ 0.4, ಮೇಲೆ 0.05 ಇರುತ್ತೆ, ಸರಾಸರಿ ಒಂದೇ ಅಂಕಿ ಬರೆದ್ರೆ ಎಲ್ಲಾ ಮಾಹಿತಿ ಹೋಯ್ತು.

ಬಿಲ್ಲೆಗೆ ಬೇರೆ ಉಪಾಯ. ಸ್ಪ್ಲಿಟಿಂಗ್ ಲೋಡ್ ಹಾಕಿ ನೇರ ಎರಡು ಹೋಳು ಮಾಡಿ, ಮತ್ತೆ ಜೋಡಿಸೋವಾಗ ಎರಡು ತುದಿಗೂ 0.3 ಮಿಮೀ ತಾಮ್ರದ ತಗಡಿನ ಚೂರು ಇಟ್ಟು, ಗ್ಯಾರೇಜಲ್ಲಿ ಸಿಗೋ ಹೋಸ್ ಕ್ಲ್ಯಾಂಪಲ್ಲಿ ಸುತ್ತಲೂ ಬಿಗಿ ಮಾಡಿ. ಎಲ್ಲ ಬಿಲ್ಲೆಗೂ ಹೆಚ್ಚುಕಮ್ಮಿ ಒಂದೇ ಅಗಲದ ಬಿರುಕು ಸಿಗುತ್ತೆ. ಇದು ಯಾಕೆ ಮುಖ್ಯ ಅಂದ್ರೆ ಬಿರುಕಲ್ಲಿ ಹರಿಯೋ ನೀರು ಅಗಲದ ಘನಕ್ಕೆ ತಕ್ಕಂತೆ ಇರುತ್ತೆ, ಅಗಲ ಅರ್ಧ ಆದ್ರೆ ನೀರು ಎಂಟರಲ್ಲೊಂದು ಪಾಲು. ಶುರುವಲ್ಲೇ ಅಗಲ ಬೇರೆ ಬೇರೆ ಇದ್ರೆ ಹೋಲಿಕೆಗೆ ಅರ್ಥ ಇಲ್ಲ.

ಆರನೇ ಹೆಜ್ಜೆ: ಒದ್ದೆ, ಒಣ, ಒದ್ದೆ, ಒಣ

ಪೂರ್ತಿ ಮುಳುಗಿಸಿಡೋದಕ್ಕಿಂತ ಒಂದು ದಿನ ನೀರು, ಒಂದು ದಿನ ಗಾಳಿ ಅಂತ ಮಾಡಿ, ಲ್ಯಾಕ್ಟೇಟ್ ತಿನ್ನೋಕೆ ಬ್ಯಾಕ್ಟೀರಿಯಾಗೆ ಆಮ್ಲಜನಕ ಬೇಕು, ನಮ್ಮ ಕಡೆ ಸಜ್ಜೆ, ತಾರಸಿಗೆ ಮಳೆ ಬೀಳೋದೂ ಹಾಗೇ ತಾನೇ. ಬೋರ್‌ವೆಲ್ ನೀರು ಬಳಸ್ಬೇಡಿ. ಬೆಂಗಳೂರು, ಕೋಲಾರದ ಕಡೆ ನೀರು ಎಷ್ಟು ಗಡಸು ಅಂತ ಗೀಸರ್ ಬಿಚ್ಚಿ ನೋಡಿದವ್ರಿಗೆ ಗೊತ್ತು, ಆ ನೀರು ಒಣಗಿದ್ರೇ ಬಿಳೀ ಕರೆ ಬರುತ್ತೆ. ಡಿಸ್ಟಿಲ್ಡ್ ನೀರು ತೀರಾ ಸುಣ್ಣ ಕರಗಿಸುತ್ತೆ, ಹಾಗಾಗಿ ನದಿ ನೀರು ಬರೋ ನಲ್ಲಿಯಿಂದ ಒಂದೇ ಡ್ರಮ್ ತುಂಬಿಸಿ ನಾಲ್ಕು ಗುಂಪಿಗೂ ಅದನ್ನೇ ಹಾಕಿ. ವಾರಕ್ಕೊಂದು ಸಲ, ಅದೇ ಲೈಟು, ಅದೇ ದೂರ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ. ಕಮ್ಮಿ ಅಂದ್ರೆ ಎಂಟು ವಾರ, ಸಾಧ್ಯ ಆದ್ರೆ 100 ದಿನ.

ಏಳನೇ ಹೆಜ್ಜೆ: ಮುಚ್ಚಿದ್ದು ಯಾರು

ಬಿಳೀ ಗೆರೆ ಮೇಲೆ ಆಸಿಡ್ ಒಂದು ಹನಿ ಹಾಕಿ ನೊರೆ ಬಂತು, ಹಾಗಾಗಿ ಬ್ಯಾಕ್ಟೀರಿಯಾ ಅಂತ ಬರೆದಿರೋದನ್ನ ನಾನು ಎಷ್ಟೋ ಸಲ ಓದಿದ್ದೀನಿ. ನೊರೆ ಬಂದ್ರೆ ಅದು ಕಾರ್ಬೊನೇಟ್ ಅಂತ ಮಾತ್ರ ಗೊತ್ತಾಗುತ್ತೆ. ಸಿಮೆಂಟ್ ತಾನೇ ಮಾಡಿದ್ದೂ ನೊರೆ ಬರುತ್ತೆ, ಬೋರ್ ನೀರಿನ ಕರೆನೂ ನೊರೆ ಬರುತ್ತೆ. ಎಕ್ಸ್‌ಆರ್‌ಡಿ (ಎಕ್ಸ್‌ರೇಯಿಂದ ಹರಳು ಗುರುತಿಸೋ ಪರೀಕ್ಷೆ) ಮಾಡಿಸಿದ್ರೂ ಕ್ಯಾಲ್ಸೈಟ್, ಅಂದ್ರೆ ಸುಣ್ಣದಕಲ್ಲಿನ ಹರಳು, ಅಂತಾನೇ ಬರೋದು, ಮೂರಕ್ಕೂ.

ನನ್ನ ಪ್ರಕಾರ ನಂಬಬಹುದಾದ್ದು ನೀರಿನ ಪರೀಕ್ಷೆ. ಬಿಲ್ಲೆಗಿಂತ ಸ್ವಲ್ಪ ಕಮ್ಮಿ ಅಡ್ಡಳತೆಯ ಪಿವಿಸಿ ಪೈಪ್ ಒಂದು ಅಡಿಗಿಂತ ಸ್ವಲ್ಪ ಉದ್ದ ಕತ್ತರಿಸಿ, ಬಿಲ್ಲೆ ಮೇಲೆ ನಿಲ್ಲಿಸಿ ಸಿಲಿಕೋನ್ ಸೀಲಂಟ್ ಸುತ್ತಲೂ ಹಚ್ಚಿ ಒಂದು ದಿನ ಬಿಡಿ. ಪೈಪಲ್ಲಿ 300 ಮಿಮೀ ನೀರು ನಿಲ್ಲಿಸಿ, ಇಳಿದಷ್ಟೂ ಮೇಲಿಂದ ತುಂಬಿಸ್ತಾ, ಕೆಳಗೆ ಅಳತೆ ಜಾಡಿ ಇಟ್ಟು 5 ನಿಮಿಷಕ್ಕೆ ಎಷ್ಟು ಮಿಲಿ ಬಿತ್ತು ನೋಡಿ. ಮೊದಲ ದಿನ ನೀರು ದಾರದ ಥರ ಸುರಿಯುತ್ತೆ. ವಾರಗಳು ಕಳೆದ ಹಾಗೆ ದಾರ ಹನಿಯಾಗುತ್ತೆ, ಹನಿ ಹನಿ ಮಧ್ಯೆ ಸಮಯ ಉದ್ದ ಆಗುತ್ತೆ, ಡಿ ಗುಂಪಿನ ಯಾವುದೋ ಒಂದು ಬಿಲ್ಲೆಯ ಕೆಳಗೆ ಬರೀ ತೇವ ಉಳಿದು ಹನಿ ಬೀಳೋದೇ ನಿಂತಿರುತ್ತೆ. ಎ, ಬಿ, ಸಿ ಬಿಲ್ಲೆಗಳಲ್ಲೂ ನೀರು ಕಮ್ಮಿ ಆಗಿರುತ್ತೆ, ಆಗ್ಲೇಬೇಕು. ಎಷ್ಟು ಕಮ್ಮಿ ಆಯ್ತು ಅನ್ನೋದರ ವ್ಯತ್ಯಾಸವೇ ನಿಮ್ಮ ರಿಸಲ್ಟ್. ಫೋಟೋದಲ್ಲಿ ಬಾಯಿ ಮುಚ್ಚಿದ ಹಾಗೆ ಕಂಡ ಬಿರುಕು ಒಳಗೆ ಪೂರ್ತಿ ತೆರೆದೇ ಇದ್ದು ನೀರು ಪಕ್ಕದಿಂದ ಸೋರೋದು ಇಲ್ಲಿ ಮಾತ್ರ ಗೊತ್ತಾಗೋದು.

ಜೊತೆಗೆ ಎರಡು ಸಾಕ್ಷಿ ಸೇರಿಸಿ. ಬಿರುಕಿನ ಬಿಳೀ ಪುಡಿಯನ್ನ ಸ್ಟೆರೈಲ್ ಸೂಜಿಯಲ್ಲಿ ಕೆರೆದು ಪ್ಲೇಟಿಗೆ ಹಾಕಿ, ಡಿ ಗುಂಪಲ್ಲಿ ನಿಮ್ಮದೇ ಬ್ಯಾಕ್ಟೀರಿಯಾ ಬೆಳೆದು ಸಿ ಗುಂಪಲ್ಲಿ ಬರದೇ ಇರ್ಬೇಕು. ಇನ್ನೊಂದು, ಎಸ್‌ಇಎಂ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ಸಿಕ್ಕಿದ್ರೆ ಹರಳುಗಳ ಮೇಲೆ ಕಡ್ಡಿಯಾಕಾರದ ಒಂದೆರಡು ಮೈಕ್ರಾನ್ ಗುಳಿ ಇದೆಯಾ ಹುಡುಕಿ, ಹರಳು ಬೆಳೆಯೋವಾಗ ಬ್ಯಾಕ್ಟೀರಿಯಾ ಸಿಕ್ಕಿ ಹಾಕ್ಕೊಂಡ ಗುರುತು ಅದು.

ಹೊರಗಿಂದ ರಿಪೇರಿ ಮಾಡೋ ದಾರಿ

ಹಳೇ ಕಾಂಕ್ರೀಟ್ ತುಂಡಿನ ಬಿರುಕನ್ನ ಒಂದೆರಡು ವಾರದಲ್ಲಿ ತುಂಬಿಸಿ ನೋಡ್ಬೇಕು ಅಂದ್ರೆ ಸ್ಪೋರೋಸಾರ್ಸಿನಾ ಪ್ಯಾಸ್ಟರಿ. ಈ ದಾರಿಯಲ್ಲಿ ಕಾಂಕ್ರೀಟ್ ಬಿರುಕಿನ ಮೇಲೆ ಮೊದಮೊದಲು ಕೆಲಸ ಮಾಡಿ 2001ರಲ್ಲಿ ಪ್ರಕಟಿಸಿದ್ದು ಅಮೆರಿಕದ ಸೌತ್ ಡಕೋಟಾದಲ್ಲಿ ವಿ. ರಾಮಕೃಷ್ಣನ್, ಸೂಕಿ ಬ್ಯಾಂಗ್ ಮತ್ತವರ ತಂಡ. ಬಿರುಕಿಗೆ ತೊಳೆದ ಸಣ್ಣ ಮರಳು ತುಂಬಿ, ಮೊದಲು ಸಿರಿಂಜಲ್ಲಿ ಬ್ಯಾಕ್ಟೀರಿಯಾ ಮಾತ್ರ ಬಿಡಿ, ಒಂದೆರಡು ಗಂಟೆ ಅಂಟಿಕೊಳ್ಳಲಿ, ಆಮೇಲೆ ಲೀಟರಿಗೆ 30 ಗ್ರಾಂ ಯೂರಿಯಾ ಮತ್ತು 118 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಹರಳು ಕರಗಿಸಿದ ನೀರು ದಿನಕ್ಕೆ ಎರಡು ಸಲ. ಮೂರನ್ನೂ ಒಟ್ಟಿಗೆ ಕಲಸಿದ್ರೆ ಸಿರಿಂಜಲ್ಲೇ ಗಟ್ಟಿಯಾಗುತ್ತೆ. ಕ್ಯಾಲ್ಸಿಯಂ ಕ್ಲೋರೈಡ್ ಅಗ್ಗ ಅಂತ ಕಂಬಿ ಇರೋ ಕಾಂಕ್ರೀಟಿಗೆ ಹಾಕ್ಬೇಡಿ, ಕ್ಲೋರೈಡ್ ಕಂಬಿ ತಿನ್ನುತ್ತೆ. ಯೂರಿಯಾನ ಆಟೋಕ್ಲೇವ್ ಮಾಡಿದ್ರೆ ಒಡೆದು ಹೋಗುತ್ತೆ, ಫಿಲ್ಟರಲ್ಲಿ ಸೋಸಿ ಸ್ಟೆರಿಲೈಸ್ ಮಾಡಿ. ಗೊಬ್ಬರದ ಅಂಗಡಿ ಯೂರಿಯಾ ಬೇಡ, ಅದಕ್ಕೆ 2015ರಿಂದ ಬೇವಿನೆಣ್ಣೆ ಲೇಪನ ಕಡ್ಡಾಯ ಇದೆ, ಮೇಲಾಗಿ ಅದು ರೈತರಿಗೆ ಅಂತ ಸಬ್ಸಿಡಿಯಲ್ಲಿ ಕೊಡೋದು.

ನಮ್ಮ ಐಐಎಸ್‌ಸಿಯಲ್ಲಿ ಅಲೋಕ್ ಕುಮಾರ್ ಅವ್ರ ತಂಡ ಇಸ್ರೋ ಜೊತೆ ಸೇರಿ 2020ರಲ್ಲಿ ಚಂದ್ರನ ಮಣ್ಣಿನ ಥರದ ಪುಡಿಯಿಂದ ಇಟ್ಟಿಗೆ ಮಾಡಿದ್ದು ಇದೇ ಬ್ಯಾಕ್ಟೀರಿಯಾದಿಂದ, ಅಂಟಿಗೆ ಹಾಕಿದ್ದು ಗೋರಿಕಾಯಿ ಬೀಜದ ಗೌರ್ ಗಮ್. 2025ರಲ್ಲಿ ಸುಟ್ಟ ಇಟ್ಟಿಗೆಯ ಬಿರುಕಿಗೂ ಅದೇ ಮಿಶ್ರಣ ತುಂಬಿ ರಿಪೇರಿ ಮಾಡಿ ತೋರಿಸಿದ್ರು. ಉತ್ತರ ಕರ್ನಾಟಕದಲ್ಲಿ ಚವಳಿಕಾಯಿ ಅಂತ ಪಲ್ಯ ಮಾಡ್ತೀವಲ್ಲ, ಅದರ ಬೀಜ. ನಿಮ್ಮ ಬಿರುಕಿನ ಮರಳು ಉದುರ್ತಾ ಇದ್ರೆ ಚೂರು ಗೌರ್ ಗಮ್ ಸೇರಿಸಿದ ಒಂದು ಗುಂಪನ್ನೂ ಮಾಡಿ ನೋಡಿ.

ಕಿಟಕಿ ತೆಗೆದಿಟ್ಟು ಕೆಲಸ ಮಾಡಿ, ಅಮೋನಿಯಾ ಘಾಟು ಕಣ್ಣಿಗೆ ಹೊಡೆಯುತ್ತೆ. ಬಸಿದ ನೀರನ್ನ ಸಿಂಕಿಗೆ, ಚರಂಡಿಗೆ ಬಿಡ್ಬೇಡಿ. ಕುಡಿಯೋ ನೀರಲ್ಲಿ ಅಮೋನಿಯಾ ಲೀಟರಿಗೆ 0.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ಐಎಸ್ 10500, ಈ ನೀರಲ್ಲಿ ಅದು ಲೀಟರಿಗೆ ಗ್ರಾಂ ಲೆಕ್ಕದಲ್ಲಿರುತ್ತೆ. ಕ್ಯಾನಲ್ಲಿ ತುಂಬಿಟ್ಟು ಕಾಲೇಜಿನ ಕೆಮಿಕಲ್ ವೇಸ್ಟ್ ಜೊತೆ ಕೊಡಿ. ಕಲ್ಚರ್, ಪ್ಲೇಟು, ಟಿಪ್ಪು ಎಲ್ಲಾ ಆಟೋಕ್ಲೇವ್ ಮಾಡಿದ್ಮೇಲೇ ಎಸೀರಿ.

ಮನೆ ತಾರಸಿ ಸೋರ್ತಿದೆ, ಕಲ್ಚರ್ ಸುರಿಬಹುದಾ ಅಂತ ಕೇಳೋವ್ರಿಗೆ: ಬೇಡ. ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗೋ ಬಿರುಕು ದಿನಾ ಅಲ್ಲಾಡ್ತಾ ಇರುತ್ತೆ, ಅದರಲ್ಲಿ ಕೂತ ಹರಳು ದಿನಾ ಒಡೆಯುತ್ತೆ. ಬೀಮ್ ಮೇಲೆ ಓರೆಯಾಗಿ ಬಂದ ಬಿರುಕಾದ್ರೆ ಇವತ್ತೇ ಸ್ಟ್ರಕ್ಚರಲ್ ಇಂಜಿನಿಯರನ್ನ ಕರೆಸಿ ತೋರಿಸಿ.

ಕೊನೆಯದಾಗಿ ಒಂದು ಕೆಲಸ, ತುಂಬಾ ಜನ ಮಾಡಲ್ಲ. ಎರಕ ಹಾಕೋವಾಗ ಪ್ರತಿ ಗುಂಪಿಗೆ ಮೂರು ಬಿಲ್ಲೆ ಜಾಸ್ತಿ ಹಾಕಿ, ಅವನ್ನ ಬಿರುಕು ಬಿಡಿಸದೇ ಇಡಿ. ಜೇಡಿ ಒಳಗಿನ ಸ್ಪೋರ್ ನಾಲ್ಕು ತಿಂಗಳ ಮೇಲೂ ಬದುಕಿದೆಯಾ ಅನ್ನೋದೇ ಈ ಕಾಂಕ್ರೀಟಿನ ನಿಜವಾದ ಪ್ರಶ್ನೆ, ಒಂದು ಸೆಮಿಸ್ಟರಲ್ಲಿ ಅದಕ್ಕೆ ಉತ್ತರ ಸಿಗಲ್ಲ. ಬಿಲ್ಲೆ ಮೇಲೆ ಮಾರ್ಕರಲ್ಲಿ ಗುಂಪಿನ ಅಕ್ಷರ, ಎರಕ ಹಾಕಿದ ತಾರೀಕು ಬರೆದು, ಪ್ಲಾಸ್ಟಿಕ್ ಸುತ್ತಿ, ಸ್ಪೋರ್ ಎಣಿಕೆ ಬರೆದ ಹಾಳೆ ಜೊತೆಗಿಟ್ಟು, ಮುಂದಿನ ವರ್ಷ ಬರೋ ಬ್ಯಾಚಿನ ಕೈಗೆ ಕೊಟ್ಟು ಹೋಗಿ, ಅವ್ರು ಬಿರುಕು ಬಿಡಿಸಿ ನೀರು ನಿಲ್ಲಿಸಿ ನೋಡ್ಲಿ.